ಒಹಾಯೊದಲ್ಲಿ ಕಾರಿನ ಟೈಟಲ್, ಅರಸೀಕೆರೆಗೆ ಪವರ್ ಆಫ್ ಅಟಾರ್ನಿ: ನೋಟರಿ ಮುಂದೆ ಯಾವುದಕ್ಕೆ, ಹೇಗೆ ಸಹಿ ಹಾಕಬೇಕು?

ಕೊಲಂಬಸ್ ಕನ್ನಡತಿ

ಎಲ್ಲರಿಗೂ ನಮಸ್ಕಾರ. ನಾವು ಒಹಾಯೊ ಬಿಟ್ಟು ಊರಿಗೆ ವಾಪಸ್ ಹೊರಟಿದ್ದೇವೆ. ನಮ್ಮ ಯಜಮಾನರು ಆಗಲೇ ಮೈಸೂರಿಗೆ ಹೋಗಿ ಕೆಲಸಕ್ಕೆ ಸೇರಿದ್ದಾರೆ. ಮಗಳ ಶಾಲೆ ಮುಗಿಯುವ ತನಕ ನಾನು ಇಲ್ಲೇ ಇರುತ್ತೇನೆ. ಈಗ ಕಾರು ಮಾರಬೇಕು. ಟೈಟಲ್‌ನಲ್ಲಿ, ಅಂದರೆ ಕಾರಿನ ಒಡೆತನದ ಪತ್ರದಲ್ಲಿ, ನಮ್ಮಿಬ್ಬರ ಹೆಸರೂ ಇದೆ. ಕೊಳ್ಳುವವರು ಶನಿವಾರ ಬರುತ್ತಾರಂತೆ. "ಹಿಂಭಾಗದಲ್ಲಿ ಸಹಿ ಹಾಕಿ ಇಟ್ಟಿರಿ, ನೋಟರಿ ನಾನೇ ಆಮೇಲೆ ಮಾಡಿಸಿಕೊಳ್ಳುತ್ತೇನೆ" ಅಂದರು. ಇದು ಸರಿಯಾ?

ಇನ್ನೊಂದು ವಿಷಯ ಊರಿನದ್ದು. ಅಪ್ಪ ತೀರಿಹೋದರು. ಅರಸೀಕೆರೆ ಹತ್ತಿರ ಜಮೀನು, ಒಂದು ಮನೆ, ಅಪ್ಪನ ಹೆಸರಲ್ಲೇ ಇರುವ ಹಳೇ ಕಾರು ಇವೆ. ಅಮ್ಮನೂ ಇಲ್ಲ. ಅಣ್ಣ, ನಾನು ಇಬ್ಬರೇ ಮಕ್ಕಳು. ಅಣ್ಣ ಮೂರು ಕಾಗದ ವಾಟ್ಸಾಪ್ ಮಾಡಿದ್ದಾನೆ. ಒಂದು, ಅವನ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ನನ್ನ ಪರವಾಗಿ ಎಲ್ಲ ವ್ಯವಹಾರ ಮಾಡುವ ಅಧಿಕಾರ ಪತ್ರ. ಇನ್ನೊಂದು, ಆಸ್ತಿಯಲ್ಲಿ ನನಗೆ ಪಾಲು ಬೇಡ ಅನ್ನುವ ನಿರಾಕ್ಷೇಪಣಾ ಪತ್ರ. ಮೂರನೆಯದು ಕಾರಿನ ಆರ್‌ಸಿ ಅವನ ಹೆಸರಿಗೆ ಮಾಡಲು ನನ್ನ ಒಪ್ಪಿಗೆ. "ಅಲ್ಲೇ ಯಾರಾದ್ರೂ ನೋಟರಿ ಹತ್ರ ಸೀಲ್ ಹಾಕಿಸಿ ಕಳಿಸು ಸಾಕು" ಅಂತಾನೆ. ಮೂರಕ್ಕೂ ಒಂದೇ ಸಲ ಸೀಲ್ ಹಾಕಿಸಿದರೆ ಆಗುತ್ತಾ? ತಿಳಿದವರು ದಯವಿಟ್ಟು ಹೇಳಿ.

ಡೇಟನ್ ಕಡೆಯವ

ಅಕ್ಕಾ, ಶನಿವಾರದ ವಿಷಯ ಮೊದಲು. ಟೈಟಲ್ ಹಿಂಭಾಗದಲ್ಲಿ ಪೆನ್ನೇ ಇಡಬೇಡಿ.

ಒಹಾಯೊದಲ್ಲಿ ಮಾರುವವರು ನೋಟರಿ ಎದುರಿಗೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಆ ಹೊತ್ತಿಗೆ ಕೊಳ್ಳುವವರ ಹೆಸರು, ವಿಳಾಸ, ಮಾರಿದ ಬೆಲೆ, ಓಡೋಮೀಟರ್ ರೀಡಿಂಗ್ ಎಲ್ಲ ತುಂಬಿರಬೇಕು. ಮೊದಲೇ ಸಹಿ ಹಾಕಿಟ್ಟ ಟೈಟಲ್‌ಗೆ ಸರಿಯಾದ ನೋಟರಿ ಯಾರೂ ಸೀಲ್ ಒತ್ತುವುದಿಲ್ಲ. ತಪ್ಪಾಯಿತು ಅಂತ ವೈಟ್ನರ್ ಹಚ್ಚಿದರೆ, ಗೀಚಿ ತಿದ್ದಿದರೆ ಆ ಟೈಟಲ್ ಕೆಟ್ಟಿತು ಅಂತಲೇ ಲೆಕ್ಕ. ಹೊಸ ಪ್ರತಿಗೆ ಮತ್ತೆ ಅರ್ಜಿ ಹಾಕಬೇಕಾಗುತ್ತದೆ.

ಕೊಳ್ಳುವವರ ಜಾಗ ಖಾಲಿ ಬಿಟ್ಟು ಸಹಿ ಮಾಡಿದ ಟೈಟಲ್ ಕೈಗೆ ಸಿಕ್ಕರೆ ಅವರು ತಮ್ಮ ಹೆಸರು ಬರೆಯದೇ ಮೂರನೆಯವರಿಗೆ ಮಾರಬಹುದು. ದಾಖಲೆಯಲ್ಲಿ ಕಾರು ಇನ್ನೂ ನಿಮ್ಮದೇ. ಟೋಲ್, ಪಾರ್ಕಿಂಗ್ ದಂಡ, ಅಪಘಾತ ಏನಾದರೂ ಆದರೆ ಮೊದಲು ಹುಡುಕಿಕೊಂಡು ಬರುವುದು ನಿಮ್ಮ ಹೆಸರನ್ನೇ. ನೀವು ಆಗ ಮೈಸೂರಿನಲ್ಲಿರುತ್ತೀರಿ. ಅಲ್ಲಿಂದ ಇದನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಸುಲಭ ದಾರಿ ಇದೆ. ನಮ್ಮಲ್ಲಿ ಪ್ರತಿ ಕೌಂಟಿಗೂ ಕ್ಲರ್ಕ್ ಆಫ್ ಕೋರ್ಟ್ಸ್ ಅವರ ಟೈಟಲ್ ಆಫೀಸ್ ಇರುತ್ತದೆ. ಕೊಳ್ಳುವವರನ್ನು ಕರೆದುಕೊಂಡು ಅಲ್ಲಿಗೇ ಹೋಗಿ. ಅಲ್ಲಿನ ಸಿಬ್ಬಂದಿಯೇ ನಿಮ್ಮ ಸಹಿಯನ್ನು ನೋಟರೈಸ್ ಮಾಡುತ್ತಾರೆ. ಅವರ ಹೆಸರಿಗೆ ಹೊಸ ಟೈಟಲ್ ಅಲ್ಲೇ ಆಗುತ್ತದೆ. ಬೇರೆ ಕಡೆ ನೋಟರಿ ಮಾಡಿಸಿದರೆ ಟೈಟಲ್ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಳ್ಳುವವರಿಗೆ 30 ದಿನ ಟೈಮ್ ಇರುತ್ತದೆ. ಆ 30 ದಿನ ನಿಮಗೆ ಸುಮ್ನೆ ಚಿಂತೆ. ನಿಮ್ಮದು ಎಲೆಕ್ಟ್ರಾನಿಕ್ ಟೈಟಲ್ ಆಗಿದ್ದರೆ ಮೊದಲು ಕಾಗದದ ಪ್ರತಿ ತೆಗೆಸಿಕೊಳ್ಳಿ. ನಂಬರ್ ಪ್ಲೇಟ್ ಬಿಚ್ಚಿಕೊಳ್ಳುವುದನ್ನು ಮರೆಯಬೇಡಿ, ಇಲ್ಲಿ ಪ್ಲೇಟ್ ಮಾರುವವರದ್ದು.

ಇಬ್ಬರ ಹೆಸರಿದ್ದರೆ ಇಬ್ಬರ ಸಹಿಯೂ ಬೇಕು. ಯಜಮಾನರದ್ದು ಹೇಗೆ ಅನ್ನೋದನ್ನು ನಮ್ಮ ಪಿಟ್ಸ್‌ಬರ್ಗ್ ಮೇಡಂ ಹೇಳಲಿ, ಅವರು ನೋಟರಿ.

ಬೇ ಏರಿಯಾ ಬಯಲುಸೀಮೆ

ಇಷ್ಟೆಲ್ಲ ಬೇಕಾ? ನಾನು ಕ್ಯಾಲಿಫೋರ್ನಿಯಾದಲ್ಲಿ ಎರಡು ಕಾರು ಮಾರಿದೆ. ಟೈಟಲ್ ಮೇಲೆ ಸಹಿ ಹಾಕಿ ಕೊಟ್ಟೆ, 5 ದಿನದೊಳಗೆ ಡಿಎಂವಿಗೆ (ಅಲ್ಲಿನ ವಾಹನ ಇಲಾಖೆಗೆ) ಮಾರಿದ ಮಾಹಿತಿ ಆನ್‌ಲೈನ್‌ನಲ್ಲಿ ಹಾಕಿದೆ, ಮುಗೀತು. ನೋಟರಿ ಮುಖವನ್ನೇ ನೋಡಲಿಲ್ಲ. ಪ್ಲೇಟ್ ಕೂಡ ಕಾರಿನ ಜೊತೆಗೇ ಹೋಯಿತು.

ಪಿಟ್ಸ್‌ಬರ್ಗ್ ನೋಟರಿ

ನಿಮ್ಮ ರಾಜ್ಯದಲ್ಲಿ ಅದು ಸರಿ ಸರ್. ಟೆಕ್ಸಾಸ್, ನ್ಯೂಜೆರ್ಸಿಯಲ್ಲೂ ಟೈಟಲ್‌ಗೆ ನೋಟರಿ ಬೇಡ. ಆದರೆ ಪೆನ್ಸಿಲ್ವೇನಿಯಾ, ಒಹಾಯೊ, ನಾರ್ತ್ ಕ್ಯಾರೊಲಿನಾ, ಕೆಂಟಕಿ, ಒಕ್ಲಹೋಮದಲ್ಲಿ ಬೇಕು. ಟೈಟಲ್ ಯಾವ ರಾಜ್ಯದ್ದೋ ಆ ರಾಜ್ಯದ ನಿಯಮ ನೋಡಬೇಕು. ಒಂದು ರಾಜ್ಯದವರ ಅನುಭವ ಇನ್ನೊಂದು ರಾಜ್ಯಕ್ಕೆ ಹೊಂದುವುದಿಲ್ಲ. ನಮ್ಮವರ ಗುಂಪುಗಳಲ್ಲಿ ಈ ಒಂದು ಕಾರಣಕ್ಕೇ ಎಷ್ಟೋ ಜನ ದಾರಿ ತಪ್ಪಿದ್ದಾರೆ.

ನಾನು ಕೂತು ಮಾಡುವ ಕೆಲಸ ಏನು ಅಂತ ಹೇಳಿಬಿಡುತ್ತೇನೆ, ಆಗ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ನನ್ನೆದುರು ನೀವು ಖುದ್ದಾಗಿ ಇರಬೇಕು. ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್ ತೋರಿಸಬೇಕು, ಅದರ ಅವಧಿ ಮುಗಿದಿರಬಾರದು. ಕಾಗದದಲ್ಲಿ ಖಾಲಿ ಜಾಗ ಇದೆಯಾ ನೋಡುತ್ತೇನೆ. ನೀವು ಸ್ವಂತ ಇಚ್ಛೆಯಿಂದ ಸಹಿ ಹಾಕುತ್ತಿದ್ದೀರಾ ಅಂತ ಗಮನಿಸುತ್ತೇನೆ. ರಿಜಿಸ್ಟರ್‌ನಲ್ಲಿ ಬರೆಯುತ್ತೇನೆ. ಆಮೇಲೆ ಸೀಲ್. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಒಂದು ಸಹಿಗೆ 5 ಡಾಲರ್.

ಇದರಲ್ಲಿ ಎರಡು ಬಗೆ ಇದೆ. ಒಂದರಲ್ಲಿ "ಈ ಸಹಿ ನನ್ನದೇ" ಅಂತ ನನ್ನೆದುರು ಒಪ್ಪಿಕೊಂಡರೆ ಸಾಕು. ಇನ್ನೊಂದರಲ್ಲಿ "ಇದರಲ್ಲಿ ಬರೆದದ್ದೆಲ್ಲ ನಿಜ" ಅಂತ ಪ್ರಮಾಣ ಮಾಡಿ ನನ್ನ ಕಣ್ಣೆದುರೇ ಸಹಿ ಹಾಕಬೇಕು. ಅಫಿಡವಿಟ್‌ಗಳು, ಒಹಾಯೊದ ಕಾರಿನ ಟೈಟಲ್ ಎರಡನೇ ಬಗೆ. ಪವರ್ ಆಫ್ ಅಟಾರ್ನಿ ಸಾಮಾನ್ಯವಾಗಿ ಮೊದಲನೇ ಬಗೆ. ಯಾವುದು ಬೇಕು ಅಂತ ನಾನು ಆರಿಸಿ ಹೇಳುವ ಹಾಗಿಲ್ಲ, ಅದು ಕಾನೂನು ಸಲಹೆ ಆಗುತ್ತದೆ. ಕಾಗದ ತಯಾರು ಮಾಡಿದವರನ್ನೋ, ಅದನ್ನು ಕೇಳಿದ ಕಚೇರಿಯನ್ನೋ ಕೇಳಿಕೊಂಡು ಬರಬೇಕು.

ನನ್ನ ಸೀಲ್ ಹೇಳುವುದು ಇಷ್ಟೇ: ಈ ವ್ಯಕ್ತಿ ಬಂದಿದ್ದರು, ಗುರುತು ನೋಡಿದೆ, ಸಹಿ ಹಾಕಿದರು. ಒಳಗಿನ ಒಪ್ಪಂದ ನ್ಯಾಯವಾಗಿದೆಯೋ, ಊರಿನ ಸಬ್ ರಿಜಿಸ್ಟ್ರಾರ್ ಅದನ್ನು ಒಪ್ಪುತ್ತಾರೋ ಅನ್ನುವುದಕ್ಕೆ ನನ್ನ ಸೀಲ್ ಜವಾಬು ಕೊಡುವುದಿಲ್ಲ. "ನೋಟರಿ ಆಯ್ತಲ್ಲ, ಇನ್ನೇನು" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಯಜಮಾನರ ಸಹಿಯನ್ನು ನೀವು ಹಾಕಬೇಡಿ. ಮೈಸೂರಿನಿಂದ ಅವರು ಸ್ಕ್ಯಾನ್ ಕಳಿಸಿದರೂ ನಡೆಯುವುದಿಲ್ಲ. ಒಹಾಯೊದ ವಾಹನ ಇಲಾಖೆ ಬಿಎಂವಿಯದ್ದೇ ಪವರ್ ಆಫ್ ಅಟಾರ್ನಿ ಫಾರಂ ಇದೆ, ನಂಬರ್ 3771. ಅದರಲ್ಲಿ ಅವರು ನಿಮಗೆ ಅಧಿಕಾರ ಕೊಟ್ಟರೆ ಇಬ್ಬರ ಪರವಾಗಿಯೂ ನೀವೇ ಸಹಿ ಹಾಕಬಹುದು. ಆದರೆ ಆ ಫಾರಂಗೂ ನೋಟರಿ ಬೇಕು. ಕಾರು ಕೊಳ್ಳುವವರ ಹೆಸರಿಗೆ ಮಾತ್ರ ಆ ಅಧಿಕಾರ ಕೊಡಬೇಡಿ. ಓಡೋಮೀಟರ್ ವಿವರಕ್ಕೆ ಮಾರುವವರಾಗಿಯೂ ಕೊಳ್ಳುವವರಾಗಿಯೂ ಒಬ್ಬರೇ ಸಹಿ ಹಾಕಬಾರದು ಅಂತ ಫೆಡರಲ್ ನಿಯಮ ಇದೆ.

ಕೊಲಂಬಸ್ ಕನ್ನಡತಿ

ಮೇಡಂ, ತುಂಬ ಥ್ಯಾಂಕ್ಸ್. ಆ 3771 ಫಾರಂಗೆ ಅವರು ಮೈಸೂರಿನ ನೋಟರಿ ಹತ್ತಿರ ಸೀಲ್ ಹಾಕಿಸಬಹುದಾ? ಕೋರ್ಟ್ ಎದುರಿಗೇ ಇದ್ದಾರಂತೆ.

ಪಿಟ್ಸ್‌ಬರ್ಗ್ ನೋಟರಿ

ಅನುಮಾನವೇ ಇಲ್ಲದ ದಾರಿ ಚೆನ್ನೈನ ಅಮೆರಿಕನ್ ಕಾನ್ಸುಲೇಟ್. ಕರ್ನಾಟಕ ಅದರ ವ್ಯಾಪ್ತಿಗೆ ಬರುತ್ತದೆ. ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು. ಪಾಸ್‌ಪೋರ್ಟ್ ಇಟ್ಟುಕೊಂಡು, ಸಹಿ ಹಾಕದ ಫಾರಂ ತೆಗೆದುಕೊಂಡು ಹೋಗಬೇಕು. ಒಂದು ಸೀಲ್‌ಗೆ 50 ಡಾಲರ್. ಜಾಸ್ತಿ ಅನ್ನಿಸಬಹುದು, ಆದರೆ ಆ ಸೀಲನ್ನು ಇಲ್ಲಿ ಯಾರೂ ಪ್ರಶ್ನೆ ಮಾಡುವುದಿಲ್ಲ. ಭಾರತದ ನೋಟರಿ ಸೀಲ್ ಹಾಕಿಸಿ ಅದಕ್ಕೆ ಅಪಾಸ್ಟಿಲ್ (ಆ ಸೀಲ್ ಅಸಲಿ ಅಂತ ಇನ್ನೊಂದು ದೇಶಕ್ಕೆ ತೋರಿಸುವ ಸರ್ಕಾರಿ ದೃಢೀಕರಣ) ಮಾಡಿಸುವ ದಾರಿಯೂ ಇದೆ. ಅದನ್ನು ಹಿಡಿಯುವ ಮೊದಲು ನಿಮ್ಮ ಟೈಟಲ್ ಆಫೀಸಿಗೆ ಫೋನ್ ಮಾಡಿ, "ಇದು ನಿಮಗೆ ನಡೆಯುತ್ತಾ?" ಅಂತ ಕೇಳಿ. ಯಾವುದೇ ಆದರೂ ಮೂಲ ಪ್ರತಿ ಕೊರಿಯರ್‌ನಲ್ಲಿ ಬರಬೇಕು. ಹಾಗಾಗಿ ಶನಿವಾರ ಮಾರಾಟ ಆಗುವುದಿಲ್ಲ. ಕೊಳ್ಳುವವರಿಗೆ ಇವತ್ತೇ ಹೇಳಿಬಿಡಿ.

ಹಾಸನದ ವಕೀಲ

ಈಗ ಊರಿನ ಕಾಗದಗಳು. ತಂಗೀ, ಮೂರನ್ನೂ ಒಂದೇ ಕಟ್ಟಿಗೆ ಹಾಕಬೇಡಮ್ಮ. ಮೂರೂ ಬೇರೆ ಬೇರೆ.

ಪವರ್ ಆಫ್ ಅಟಾರ್ನಿ ಬಗ್ಗೆ ಕಾನೂನು ಸ್ಪಷ್ಟವಾಗಿದೆ. 1908ರ ನೋಂದಣಿ ಕಾಯ್ದೆಯ 33ನೇ ಕಲಂ ನೋಡಿ. ನಿಮ್ಮ ಪರವಾಗಿ ಸಬ್ ರಿಜಿಸ್ಟ್ರಾರ್ ಮುಂದೆ ಪತ್ರ ಹಾಜರು ಮಾಡಲು ಒಬ್ಬರಿಗೆ ಅಧಿಕಾರ ಕೊಡುವುದಾದರೆ, ಭಾರತದಲ್ಲಿ ವಾಸ ಇರುವವರು ಸಬ್ ರಿಜಿಸ್ಟ್ರಾರ್ ಎದುರೇ ಅದನ್ನು ಮಾಡಬೇಕು. ಹೊರದೇಶದಲ್ಲಿರುವವರು ಅಲ್ಲಿನ ನೋಟರಿ, ನ್ಯಾಯಾಧೀಶರು ಅಥವಾ ಭಾರತೀಯ ಕಾನ್ಸುಲ್ ಎದುರು ಮಾಡಬಹುದು. ಅಂದರೆ ನಿಮಗೆ ಎರಡು ದಾರಿ. ಒಹಾಯೊ ನೋಟರಿ ಎದುರು ಸಹಿ ಹಾಕಿ, ಒಹಾಯೊ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪಾಸ್ಟಿಲ್ ಮಾಡಿಸುವುದು ಒಂದು. ಅಪಾಸ್ಟಿಲ್ ಒಪ್ಪಂದ ಭಾರತದಲ್ಲಿ 2005ರ ಜುಲೈ 14ರಿಂದ ಜಾರಿಯಲ್ಲಿದೆ, ಅಮೆರಿಕವೂ ಅದರಲ್ಲಿದೆ. ಇನ್ನೊಂದು, ಭಾರತೀಯ ಕಾನ್ಸುಲೇಟ್‌ನಿಂದ ದೃಢೀಕರಣ. ದುಬೈ ಕಡೆಯವರು ಇದನ್ನು ಓದುತ್ತಿದ್ದರೆ ಕಾನ್ಸುಲೇಟ್ ದಾರಿಯನ್ನೇ ಹಿಡಿಯಿರಿ.

ಬ್ಯಾಂಕಿನ ನೋಟರಿ ಪುಕ್ಕಟೆ ಸೀಲ್ ಹಾಕಿಕೊಡುತ್ತಾರೆ ಅಂತ ಕೆಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಆ ಸೀಲ್ ಅಸಲಿಯೋ ನಕಲಿಯೋ ಅಂತ ನಮ್ಮ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್‌ಗೆ ಗೊತ್ತಾಗುವುದು ಹೇಗೆ? ಅಪಾಸ್ಟಿಲ್ ಇರುವುದೇ ಅದಕ್ಕೆ.

ಆದರೆ ಅದಕ್ಕಿಂತ ದೊಡ್ಡ ಮಾತು ಇದೆ. "ಜನರಲ್" ಪವರ್ ಯಾಕೆ? ಸರ್ವೆ ನಂಬರ್, ಗ್ರಾಮ, ಹೋಬಳಿ ಬರೆದು, ಇಂಥ ಕೆಲಸಕ್ಕೆ ಮಾತ್ರ ಅಂತ ವಿಶೇಷ ಅಧಿಕಾರ ಪತ್ರ ಮಾಡಿ. ಮಾರುವ, ಅಡ ಇಡುವ ಅಧಿಕಾರ ಕೊಡುವುದಿಲ್ಲ ಅಂತ ಸ್ಪಷ್ಟವಾಗಿ ಬರೆಸಿ. ಅಧಿಕಾರ ಯಾರಿಗೆ ಕೊಡುತ್ತೀರಿ ಅನ್ನುವುದೂ ಮುಖ್ಯ. ನಿಮ್ಮ ಪಾಲನ್ನು ಬಿಡಿಸಿಕೊಳ್ಳುವವರ ಕೈಗೇ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಕೊಡುವುದು ಒಳ್ಳೆಯದಲ್ಲ. ಅಣ್ಣ ಕೆಟ್ಟವರು ಅಂತ ಅಲ್ಲ. ನಾಳೆ ಅವರಿಗೇ ಅದು ತೊಂದರೆ. ನಿಮ್ಮ ಯಜಮಾನರು ಮೈಸೂರಿನಲ್ಲೇ ಇದ್ದಾರೆ, ಅವರ ಹೆಸರಿಗೆ ಮಾಡಬಹುದಲ್ವಾ?

ಇನ್ನೂ ಒಂದು. ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಇದ್ಯಾವುದೂ ಕಡ್ಡಾಯ ಇಲ್ಲ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಅಣ್ಣ, ತಂಗಿ ಇಬ್ಬರ ಹೆಸರಿಗೂ ಜಂಟಿಯಾಗಿ ಖಾತೆ ಆಗುತ್ತದೆ. ವಂಶವೃಕ್ಷಕ್ಕೆ ಬೇಕಾದ ಅಫಿಡವಿಟ್‌ಗೆ ಅಣ್ಣ ಅಲ್ಲೇ ಸಹಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಅಫಿಡವಿಟ್‌ನ ಮುದ್ರಾಂಕ ಶುಲ್ಕ ಮೊದಲು 20 ರೂಪಾಯಿ ಇತ್ತು, 2024ರಿಂದ 100 ರೂಪಾಯಿ. ಹಳೇ ಲೆಕ್ಕದಲ್ಲಿ ಇ-ಸ್ಟಾಂಪ್ ತೆಗೆದರೆ ವಾಪಸ್ ಕಳಿಸುತ್ತಾರೆ.

ಧಾರವಾಡದ ಅಕ್ಕ

ನಿರಾಕ್ಷೇಪಣಾ ಪತ್ರದ ಬಗ್ಗೆ ನಾನು ಮಾತಾಡಲೇಬೇಕು. ತಂಗೀ, ಅದಕ್ಕೆ ಈಗ ಸಹಿ ಹಾಕಬೇಡ.

ನನ್ನ ಹತ್ತಿರದ ಸಂಬಂಧಿ ಒಬ್ಬಳು ಇಂಥದ್ದೇ ಕಾಗದಕ್ಕೆ ಸಹಿ ಹಾಕಿದಳು. ಆಗ ಅವಳಿಗೆ ಬಾಣಂತನ. ಮನೆಗೆ ಕಾಗದ ಬಂತು, ಸಹಿ ಆಯಿತು, ಪೇಟೆಯಲ್ಲಿ ಯಾರೋ ನೋಟರಿ ಸೀಲ್ ಒತ್ತಿದರು. ಆ ನೋಟರಿ ಅವಳ ಮುಖವನ್ನೇ ನೋಡಿಲ್ಲ. ಆ ಕಾಗದ ತೋರಿಸಿ ಅವಳ ಹೆಸರು ಬಿಟ್ಟು ಖಾತೆ ಮಾಡಿಸಿಕೊಂಡರು. ಅಣ್ಣ ತಮ್ಮಂದಿರು ಈಗ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ, ಕೇಸು ನಡೆಯುತ್ತಿದೆ. ಆಸ್ತಿಗಿಂತ ಹೆಚ್ಚಾಗಿ ಅವಳಿಗೆ ತವರು ಹೋಯಿತು.

2005ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಹೇಳಿತು. ಪಾಲು ಬೇಡ ಅನ್ನುವುದೂ ನಿನ್ನ ಹಕ್ಕೇ. ಅಣ್ಣನ ಮೇಲಿನ ಪ್ರೀತಿಗೆ ಬಿಟ್ಟುಕೊಡು, ಯಾರೂ ತಡೆಯುವುದಿಲ್ಲ. ಆದರೆ ಏನು ಬಿಡುತ್ತಿದ್ದೇನೆ ಅಂತ ತಿಳಿದು, ಸರಿಯಾದ ಜಾಗದಲ್ಲಿ ಕೂತು ಬಿಡು.

ಹಾಸನದ ವಕೀಲ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಕಾನೂನಿನ ಮಾತೂ ಸೇರಿಸುತ್ತೇನೆ. ಜಮೀನು, ಮನೆಯಲ್ಲಿನ ಹಕ್ಕು ಬಿಟ್ಟುಕೊಡುವ ಪತ್ರ ನೋಂದಣಿ ಆಗಲೇಬೇಕು. ಅದು ನೋಂದಣಿ ಕಾಯ್ದೆಯ 17ನೇ ಕಲಂ. ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆದರೇ ಲೆಕ್ಕ. ಬರೀ ನೋಟರಿ ಸೀಲ್ ಇರುವ ನಿರಾಕ್ಷೇಪಣೆಯಿಂದ ಹಕ್ಕು ಹೋಗುವುದಿಲ್ಲ. ಹಾಗಂತ ಅಪಾಯ ಇಲ್ಲ ಅಂತಲೂ ಅಲ್ಲ. ಅದನ್ನು ಹಿಡಿದು ಕಂದಾಯ ದಾಖಲೆಯಲ್ಲಿ ಹೆಸರು ತಪ್ಪಿಸಬಹುದು. ಆಮೇಲೆ ಸರಿಪಡಿಸಲು ವರ್ಷಗಟ್ಟಲೆ ಓಡಾಡಬೇಕು. ಅಣ್ಣನಿಗೂ ಅದರಿಂದ ಲಾಭ ಇಲ್ಲ. ನಾಳೆ ಅವರು ಮಾರಲು ಹೋದರೆ ಅಥವಾ ಸಾಲ ತೆಗೆಯಲು ಹೋದರೆ, "ತಂಗಿಯ ನೋಂದಾಯಿತ ಪತ್ರ ಎಲ್ಲಿ?" ಅಂತ ಬ್ಯಾಂಕಿನ ವಕೀಲರು ಕೇಳುತ್ತಾರೆ.

ತುಮಕೂರು ಕಡೆ ಹುಡುಗ

ಸರ್, ತಪ್ಪು ತಿಳ್ಕೋಬೇಡಿ. ನಮ್ಮೂರಲ್ಲಿ ತಾಲ್ಲೂಕು ಆಫೀಸ್ ಎದುರಿನ ಡಿಟಿಪಿ ಅಂಗಡಿಯಲ್ಲಿ ಕಾಗದ ಕೊಟ್ಟರೆ ಹತ್ತು ನಿಮಿಷದಲ್ಲಿ ಸೀಲ್ ಆಗಿ ಬರುತ್ತೆ. ಸಹಿ ಹಾಕಿದವರು ಬಂದಿದ್ದಾರಾ ಅಂತ ಯಾರೂ ಕೇಳಲ್ಲ. ಎಲ್ಲರೂ ಹಾಗೇ ಮಾಡ್ತಾರೆ, ಕೆಲಸವೂ ಆಗುತ್ತೆ. ಜನಸಾಮಾನ್ಯರಿಗೆ ಪ್ರತಿ ಸಲ ಎಲ್ಲರನ್ನೂ ಕರ್ಕೊಂಡು ಬರೋಕೆ ಆಗುತ್ತಾ?

ಹಾಸನದ ವಕೀಲ

ನಿಮ್ಮ ಕಷ್ಟ ಅರ್ಥವಾಗುತ್ತದೆ. ಕೂಲಿ ಬಿಟ್ಟು ಬರುವವರಿಗೆ ಒಂದು ದಿನ ಅಂದರೆ ಒಂದು ದಿನದ ಊಟ. ಆದರೂ ಇದನ್ನು ಸರಿ ಅನ್ನಲಾರೆ.

1952ರ ನೋಟರಿ ಕಾಯ್ದೆ ಪ್ರಕಾರ ನೋಟರಿ ಅಂದರೆ ಸರ್ಕಾರ ನೇಮಿಸಿದ ವ್ಯಕ್ತಿ. ಅವರಿಗೆ ಒಂದು ವ್ಯಾಪ್ತಿ ಇದೆ, ಪ್ರಮಾಣ ಪತ್ರಕ್ಕೆ ಅವಧಿ ಇದೆ, ರಿಜಿಸ್ಟರ್ ಇಡಬೇಕು. ಎದುರು ಇಲ್ಲದವರ ಸಹಿಗೆ ಸೀಲ್ ಒತ್ತಿದರೆ ಅವರ ಮೇಲೆ ದುರ್ನಡತೆಯ ದೂರು ಕೊಡಬಹುದು. ಕಾಗದ ಕೋರ್ಟಿಗೆ ಹೋದ ದಿನ ರಿಜಿಸ್ಟರ್ ತರಿಸುತ್ತಾರೆ. ಅದರಲ್ಲಿ ನಿಮ್ಮ ಸಹಿ ಇಲ್ಲದಿದ್ದರೆ ಎದುರು ಪಾರ್ಟಿ ವಕೀಲರಿಗೆ ಅಷ್ಟೇ ಸಾಕು. ಹತ್ತು ನಿಮಿಷದಲ್ಲಿ ಆದ ಸೀಲ್ ಜಗಳ ಇಲ್ಲದ ತನಕ ನಡೆಯುತ್ತದೆ. ನಾವು ಕಾಗದ ಮಾಡಿಸುವುದೇ ಜಗಳದ ದಿನಕ್ಕಾಗಿ ಅಲ್ವಾ?

ಸೀಲ್ ಹಾಕಿಸುವಾಗ ನೋಂದಣಿ ಸಂಖ್ಯೆ, ವ್ಯಾಪ್ತಿ, ಅವಧಿ ನೋಡಿಕೊಳ್ಳಿ. ರಿಜಿಸ್ಟರ್‌ನಲ್ಲಿ ಸಹಿ ಮಾಡಿ, ಅದರ ಕ್ರಮ ಸಂಖ್ಯೆ ಕಾಗದದ ಮೇಲೆ ಬಂದಿದೆಯಾ ನೋಡಿ.

ಮದುವೆ, ವಿಚ್ಛೇದನವನ್ನೂ ನೋಟರಿ ಹತ್ತಿರ ಮಾಡಿಸುವವರಿದ್ದಾರೆ. ನೋಟರಿಗಳಿಗೆ ಆ ಅಧಿಕಾರ ಇಲ್ಲ ಅಂತ ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಎಚ್ಚರಿಕೆಯನ್ನೇ ಕೊಟ್ಟಿತು. ಉಯಿಲಿಗೆ ಇದಕ್ಕೆ ಉಲ್ಟಾ: ನೋಟರಿ ಬೇಕೇ ಇಲ್ಲ, ಇಬ್ಬರು ಸಾಕ್ಷಿಗಳು ಸರಿಯಾಗಿ ಸಹಿ ಹಾಕಿರಬೇಕು. ಸೀಲ್ ಇದೆ ಅಂತ ಸಾಕ್ಷಿ ಬಿಟ್ಟ ಉಯಿಲುಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಬರೆದವರು ಎದ್ದು ಬಂದು ಸರಿ ಮಾಡುವ ಹಾಗಿಲ್ಲವಲ್ಲ.

ಆರ್‌ಟಿಒ ನಿವೃತ್ತ

ಅಪ್ಪನ ಕಾರಿನ ಬಗ್ಗೆ. ಮಾಲೀಕರು ತೀರಿಹೋದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹಾಗೆ ತಿಳಿಸಿದ ವಾರಸುದಾರರು ಮೂರು ತಿಂಗಳು ಗಾಡಿ ಬಳಸಬಹುದು. ಅಷ್ಟರಲ್ಲಿ ಫಾರಂ 31ರಲ್ಲಿ ಅರ್ಜಿ ಕೊಡಬೇಕು. ಮಾರಾಟಕ್ಕೆ ಬಳಸುವ 29, 30 ಇಲ್ಲಿ ನಡೆಯುವುದಿಲ್ಲ. ತೀರಿಹೋದವರ ಸಹಿ ಇರುವ ಹಳೇ ಫಾರಂ 29 ಮನೆಯಲ್ಲಿ ಸಿಕ್ಕಿತು ಅಂತ ಅದನ್ನು ತುಂಬಿ ತರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಅಪರಾಧ.

ಆರ್‌ಸಿ, ಇನ್ಶೂರೆನ್ಸ್, ಮರಣ ಪ್ರಮಾಣ ಪತ್ರದ ಜೊತೆ ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಕೇಳುತ್ತಾರೆ. ಮೂರು ಕಾಗದಗಳಲ್ಲಿ ನೀವು ನಿಶ್ಚಿಂತೆಯಿಂದ ಸಹಿ ಹಾಕಬಹುದಾದದ್ದು ಇದೇ. ಗಾಡಿ ನಂಬರ್, ಚಾಸಿ ನಂಬರ್ ಬರೆಸಿ, "ಈ ವಾಹನಕ್ಕೆ ಮಾತ್ರ" ಅಂತ ಸೇರಿಸಿ. ಕಾರಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಕೂಡ ಬೇಕು. ತಡ ಮಾಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸಿನಲ್ಲಿ ಗಾಡಿ ಕೈಯಿಂದ ಕೈಗೆ ಹೋಗಿತ್ತು, ಆರ್‌ಸಿ ಮಾತ್ರ ಮೊದಲನೆಯವರ ಹೆಸರಲ್ಲೇ ಇತ್ತು.

2021ರ ತಿದ್ದುಪಡಿಯಿಂದ ಆರ್‌ಸಿಗೆ ನಾಮಿನಿ ಹೆಸರು ಸೇರಿಸಬಹುದು. ಮನೆಯಲ್ಲಿ ಹಿರಿಯರ ಹೆಸರಲ್ಲಿ ಗಾಡಿ ಇರುವವರು ಈಗಲೇ ಮಾಡಿಸಿಡಿ.

ಕೊಲಂಬಸ್ ಕನ್ನಡತಿ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಕೊಳ್ಳುವವರಿಗೆ ಫೋನ್ ಮಾಡಿದೆ. ಟೈಟಲ್ ಆಫೀಸಿನಲ್ಲೇ ಭೇಟಿಯಾಗಲು ಒಪ್ಪಿದ್ದಾರೆ, ಕಾಯುತ್ತಾರಂತೆ. ಯಜಮಾನರು ಚೆನ್ನೈ ಅಪಾಯಿಂಟ್‌ಮೆಂಟ್ ಹುಡುಕುತ್ತಿದ್ದಾರೆ. ಹೇಗೂ ಚೆನ್ನೈಗೆ ಹೋಗುತ್ತಾರೆ, ಮಗಳ ಅಮೆರಿಕನ್ ಪಾಸ್‌ಪೋರ್ಟ್ ರಿನ್ಯೂ ಕೂಡ ಇದೆ. ಅವಳಿಗೆ 11 ವರ್ಷ. ಅದಕ್ಕೂ ಅವರ ಸಹಿ ಬೇಕಲ್ವಾ?

ಪಿಟ್ಸ್‌ಬರ್ಗ್ ನೋಟರಿ

ಬೇಕು. 16 ವರ್ಷದೊಳಗಿನ ಮಕ್ಕಳಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆ ಬೇಕು. ಬರಲಾಗದವರು ಡಿಎಸ್-3053 ಫಾರಂ ತುಂಬಿ ಅಧಿಕಾರಿ ಎದುರು ಸಹಿ ಹಾಕಬೇಕು. ತೋರಿಸಿದ ಗುರುತಿನ ಚೀಟಿಯ ಎರಡೂ ಬದಿಯ ನಕಲು ಜೊತೆಗಿರಬೇಕು. ಆ ಒಪ್ಪಿಗೆ ಮೂರು ತಿಂಗಳು ಮಾತ್ರ ನಡೆಯುತ್ತದೆ, ಹಾಗಾಗಿ ತೀರಾ ಮೊದಲೇ ಮಾಡಿಸಬೇಡಿ. 3771, 3053 ಎರಡನ್ನೂ ಅವರು ಒಂದೇ ದಿನ ಮುಗಿಸಬಹುದು. ಅಪಾಯಿಂಟ್‌ಮೆಂಟ್ ತೆಗೆಯುವಾಗ ಎರಡು ಕಾಗದ ಇವೆ ಅಂತ ಹೇಳಲಿ.

ನೀವು ಮಗಳ ಜೊತೆ ಒಬ್ಬರೇ ಪ್ರಯಾಣ ಮಾಡುವುದರಿಂದ ಯಜಮಾನರ ಒಪ್ಪಿಗೆ ಪತ್ರ ಒಂದು ಜೊತೆಗಿರಲಿ. ಕಡ್ಡಾಯ ಅಲ್ಲ, ಇದ್ದರೆ ನೆಮ್ಮದಿ.

ಮಗಳ ಜನನ ಪ್ರಮಾಣ ಪತ್ರದ ಜೆರಾಕ್ಸ್‌ಗೆ ಸೀಲ್ ಹಾಕಿಕೊಡಿ ಅಂತ ಮಾತ್ರ ನೋಟರಿಯನ್ನು ಕೇಳಬೇಡಿ. ಹೆಚ್ಚಿನ ರಾಜ್ಯಗಳಲ್ಲಿ ನಮಗೆ ಆ ಅಧಿಕಾರ ಇಲ್ಲ. ಹುಟ್ಟಿದ ರಾಜ್ಯದಿಂದಲೇ ಸರ್ಟಿಫೈಡ್ ಪ್ರತಿ ತರಿಸಿ, ಅಲ್ಲಿಂದಲೇ ಅಪಾಸ್ಟಿಲ್ ಮಾಡಿಸಿ. ಊರಿಗೆ ಬಂದ ಮೇಲೆ ಇದಕ್ಕೆ ಓಡಾಡುವುದು ಕಷ್ಟ, ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಕೊಲಂಬಸ್ ಕನ್ನಡತಿ

ಅಣ್ಣನ ಜೊತೆ ರಾತ್ರಿ ಮಾತಾಡಿದೆ. ವಕೀಲರು ಬರೆದದ್ದನ್ನು ಓದಿ ಹೇಳಿದೆ. ಮೊದಲು ಸ್ವಲ್ಪ ಬೇಜಾರು ಮಾಡಿಕೊಂಡ. ಆಮೇಲೆ, ಆ ಮೂರು ಕಾಗದವೂ ಅಂಗಡಿಯವರು ಕೊಟ್ಟ ನಮೂನೆ, ತಾನೂ ಪೂರ್ತಿ ಓದಿರಲಿಲ್ಲ ಅಂದ. ಜಂಟಿ ಖಾತೆಗೆ ಅರ್ಜಿ ಹಾಕುತ್ತಾನೆ. ಜಮೀನು, ಮನೆ ವಿಷಯ ನಾನು ಬಂದ ಮೇಲೆ ಇಬ್ಬರೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮುಗಿಸೋಣ ಅಂತ ಒಪ್ಪಿದ್ದಾನೆ. ಹಾಗಾಗಿ ಪವರ್ ಆಫ್ ಅಟಾರ್ನಿ ಸದ್ಯಕ್ಕೆ ಬೇಡ. ಕಾರಿನ ಅಫಿಡವಿಟ್ ಮಾತ್ರ ಇಲ್ಲಿಂದ ಮಾಡಿಸಿ, ಅಪಾಸ್ಟಿಲ್ ಹಾಕಿಸಿ ಕಳಿಸುತ್ತೇನೆ. ಇದಕ್ಕೆ ಊರಿನಲ್ಲಿ ಸ್ಟಾಂಪ್ ಹೇಗೆ ಸರ್? ಇಲ್ಲಿ ಇ-ಸ್ಟಾಂಪ್ ಸಿಗುವುದಿಲ್ಲವಲ್ಲ.

ಹಾಸನದ ವಕೀಲ

ಬಿಳಿ ಹಾಳೆಯ ಮೇಲೆ ಮಾಡಿಸಿ ಕಳಿಸಿ. ಹೊರದೇಶದಲ್ಲಿ ಸಹಿ ಆದ ಪತ್ರ ಕರ್ನಾಟಕಕ್ಕೆ ಬಂದ ಮೇಲೆ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬಹುದು. ನಮ್ಮ ರಾಜ್ಯದ ಮುದ್ರಾಂಕ ಕಾಯ್ದೆಯ 18ನೇ ಕಲಂನಲ್ಲಿ ಇದೆ. ಆ ಮೂರು ತಿಂಗಳು ಸಹಿಯ ದಿನದಿಂದ ಅಲ್ಲ, ಕಾಗದ ಇಲ್ಲಿ ಬಂದು ಮುಟ್ಟಿದ ದಿನದಿಂದ. ಅದಕ್ಕೆ ಕೊರಿಯರ್ ಕವರನ್ನು ಎಸೆಯಬೇಡಿ ಅಂತ ಅಣ್ಣನಿಗೆ ಹೇಳಿ, ಬಂದ ದಿನಾಂಕಕ್ಕೆ ಅದೇ ಪುರಾವೆ. ಕವರ್ ಸಮೇತ ಹಾಸನದ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋದರೆ ಶುಲ್ಕ ಕಟ್ಟಿಸಿಕೊಂಡು ಹಿಂಬರಹ ಕೊಡುತ್ತಾರೆ. ಆಮೇಲೆ ಫಾರಂ 31ರ ಜೊತೆ ಆರ್‌ಟಿಒಗೆ ಕೊಡಲಿ.